ಯುರೇನಿಯಂ ಕೈಗಡ ತಂದವರು

ಅಮೆರಿಕದ ಅಣು ವಿದ್ಯುತ್ ಸ್ಥಾವರಗಳಿಗೂ ಯಾರಾದರೂ ಕುಳಿತು ಇಂಧನ ಕೊಂಡು ತರಬೇಕು, ಹಾಗೆ ತರುವವರು ಧಾರವಾಡದ ಒಬ್ಬ ಹೆಂಗಸಾಗಿರಬಹುದು ಎಂಬ ಯೋಚನೆ ಇಪ್ಪತ್ತಾರನೆಯ ವಯಸ್ಸಿನವರೆಗೆ ನನ್ನ ತಲೆಗೆ ಬಂದಿರಲಿಲ್ಲ. ನ್ಯೂಜೆರ್ಸಿಯ ಒಂದು ವಿದ್ಯುತ್ ಕಂಪನಿಯಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತ್ತು. ಇಂಧನ ಖರೀದಿ ವಿಭಾಗ ಎಂದರೆ ದೊಡ್ಡ ಹಾಲ್ ಇರುತ್ತದೆ ಎಂದುಕೊಂಡು ಹೋದೆ. ಬಾಗಿಲು ತೆಗೆದರೆ ಒಳಗಿದ್ದದ್ದು ಎರಡು ಮೇಜು. ಖಾಲಿ ಇದ್ದದ್ದು ನನ್ನದು. ಇನ್ನೊಂದರ ಹಿಂದೆ ಬೂದು ಸ್ವೆಟರ್ ತೊಟ್ಟ, ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ, ಐವತ್ತೆಂಟರ ಆಸುಪಾಸಿನ ಹೆಂಗಸೊಬ್ಬರು ಫೋನಿನಲ್ಲಿ ಯಾರಿಗೋ "ನೋ" ಎನ್ನುತ್ತಿದ್ದರು. ಅವರ "ನೋ" ಬಹಳ ಚಿಕ್ಕದು. ಅದರ ಬೆನ್ನಿಗೆ ಕಾರಣ ಬರುತ್ತಿರಲಿಲ್ಲ. ಕಾರಣ ಬೇಕಾದವರು ಕೇಳಿ ಪಡೆಯಬೇಕಿತ್ತು.

ಅವರು ಈ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಕೊಳ್ಳುವವರ ಹೆಸರು ಪತ್ರಿಕೆಯಲ್ಲಿ ಬಂದರೆ ಮಾರುವವರು ಬೆಲೆ ಏರಿಸುತ್ತಾರೆ ಎಂದು ಅವರು ಬದುಕಿದ್ದಷ್ಟು ದಿನ ಎಲ್ಲೂ ತಮ್ಮ ಹೆಸರು ಹಾಕಗೊಡಲಿಲ್ಲ. ಅವರಿಂದ ಕಲಿತ ಮೊದಲ ಶಿಸ್ತು ಅದು.

ಮೊದಲ ದಿನವೇ ಅವರನ್ನು ಏನೆಂದು ಕರೆಯಬೇಕು ಎಂಬ ಸಮಸ್ಯೆ ಬಂತು. ನಾನು ಮೈಸೂರಿನವಳು. ತಾಯಿಯ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳಲಿಲ್ಲ. ಊಟದ ಹೊತ್ತಿಗೆ ಧೈರ್ಯ ಮಾಡಿ "ಆಂಟಿ" ಎಂದೆ.

"ಆಂಟಿ ಅನ್ನಬ್ಯಾಡ," ಎಂದರು, ಡಬ್ಬಿಯಿಂದ ತಲೆ ಎತ್ತದೆ. "ಇಲ್ಲಿ ಎಲ್ಲಾರೂ ನನ್ನ ಹೆಸ್ರು ಹಿಡದ ಕರೀತಾರ. ನೀನೊಬ್ಬಾಕಿ ಆಂಟಿ ಅಂದ್ರ ನಾಳಿಂದ ನಾ ಒಪ್ಪಂದ ಓದೂದು ಬಿಟ್ಟು ನಿಂಗ ಹೆರಳು ಹಾಕಬೇಕಾಗ್ತದ."

ಕೊನೆಗೆ "ಮೇಡಂ" ಎಂಬಲ್ಲಿಗೆ ರಾಜಿಯಾಯಿತು.

ನಾನಾಗ ಮ್ಯಾನ್‌ಹಟನ್‌ನಲ್ಲಿ ಇನ್ನಿಬ್ಬರ ಜೊತೆ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿದ್ದೆ. ಕಾರಿರಲಿಲ್ಲ. ಬೆಳಿಗ್ಗೆ ರೈಲಿನಲ್ಲಿ ಬಂದಿಳಿದರೆ ಮೇಡಂ ಕ್ರ್ಯಾನ್‌ಬರಿಯ ಮನೆಯಿಂದ ಬರುವ ದಾರಿಯಲ್ಲಿ ಸ್ಟೇಷನ್ನಿನ ಹತ್ತಿರ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದರು. ಆಫೀಸಿನಲ್ಲಿ ಅವರು ಒಂದು ಕನ್ನಡ ಶಬ್ದ ಆಡುತ್ತಿರಲಿಲ್ಲ, ಊಟದ ಅರ್ಧ ಗಂಟೆ ಬಿಟ್ಟು. ಕಾರಿನ ಇಪ್ಪತ್ತು ನಿಮಿಷ ಮಾತ್ರ ಪೂರಾ ಧಾರವಾಡ. ಯುರೇನಿಯಂ ವ್ಯಾಪಾರವನ್ನು ನಾನು ಕಲಿತದ್ದು ಆ ಕಾರಿನಲ್ಲಿ, ಉಗ್ರಾಣಗಳಿಗೆ ಹೋಗುವ ದೊಡ್ಡ ಟ್ರಕ್ಕುಗಳ ಸಾಲಿನ ನಡುವೆ.

"ಜ್ವಾಳದ ರೊಟ್ಟಿ ಮಾಡೂದು ಗೊತ್ತದ ಏನ ನಿಂಗ?" ಎಂದು ಒಂದು ದಿನ ಕೇಳಿದರು.

"ತಿನ್ನೋದು ಗೊತ್ತು ಮೇಡಂ."

"ಸಾಕು. ಹೊಲದಾಗಿಂದ ಜ್ವಾಳ ಬರ್ತದ. ಸ್ವಚ್ಛ ಮಾಡ್ತಾರ. ಗಿರಣಿಯೊಳಗ ಬೀಸಿ ಹಿಟ್ಟು ಮಾಡ್ತಾರ. ಆಮ್ಯಾಲೆ ರೊಟ್ಟಿ ತಟ್ಟತಾರ. ಯುರೇನಿಯಂನೂ ಹಂಗ. ಗಣಿಯಿಂದ ಅದಿರು ಬರ್ತದ, ಅದನ್ನ ಗ್ಯಾಸ್ ಮಾಡ್ತಾರ, ಗ್ಯಾಸನ್ನ ಸಂವರ್ಧನೆ ಮಾಡ್ತಾರ, ಅಂದ್ರ ಉರಿಯೂ ಅಂಶ ಹೆಚ್ಚಸ್ತಾರ, ಅದ ನಮ್ಮ ಗಿರಣಿ, ಆಮ್ಯಾಲೆ ಗುಳಿಗಿ ಮಾಡಿ ಕೊಳವಿಯೊಳಗ ತುಂಬತಾರ. ಅಮೆರಿಕಾದ ಹತ್ರ ರಿಯಾಕ್ಟರ್ ಅವ, ಜಗತ್ತಿನಾಗ ಎಲ್ಲಾರಿಗಿಂತ ಹೆಚ್ಚು ಅವ. ಗುಳಿಗಿ ಮಾಡವ್ರೂ ಇದ್ದಾರ. ಗಿರಣಿ ಇಲ್ಲ. ಇದ್ದ ಗಿರಣಿ ನಾವ ಮುಚ್ಚಿದ್ವಿ. ಈಗ ಈ ದೇಶದಾಗ ದೊಡ್ಡದು ಅಂತ ಉಳದದ್ದು ಒಂದ, ಅದೂ ಯುರೋಪಿನವ್ರು ನಡಸೂದು."

"ಯಾಕೆ ಮುಚ್ಚಿದ್ರು?"

"ರಷ್ಯಾದವ್ರು ಸೋವಿ ಬೀಸಿ ಕೊಟ್ರು."

ಅಷ್ಟು ಹೇಳಿ ಕಾರು ನಿಲ್ಲಿಸಿದರು. ಆಫೀಸು ಬಂದಿತ್ತು.

ರಷ್ಯಾದವರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಅವರಿಂದ ವರ್ಷಗಟ್ಟಲೆ ಕೊಂಡಿದ್ದರು, ಅವರ ಮಾರಾಟಗಾರರ ಮಕ್ಕಳ ಹೆಸರೂ ಗೊತ್ತಿತ್ತು, ಒಬ್ಬರ ಮಗಳ ಮದುವೆಗೆ ಇಳಕಲ್ ಸೀರೆ ಕಳಿಸಿದ್ದರು. ಅವರಿಗಿದ್ದದ್ದು ಒಂದೇ ನಿಯಮ. ಯಾರೇ ಆಗಲಿ, ಒಬ್ಬರಿಂದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಳ್ಳುವ ಹಾಗಿಲ್ಲ. ಯಾವ ಒಪ್ಪಂದ ಎದುರಿಗೆ ಬಂದರೂ ಅವರ ಮೊದಲ ಪ್ರಶ್ನೆ ಬೆಲೆಯದಲ್ಲ. "ಅಂವ ಕೊಡೂದಿಲ್ಲ ಅಂದ್ರ?" ಎಂಬುದು.

ಆ ಪ್ರಶ್ನೆಯನ್ನು ಅವರು ಆಫೀಸಿನಲ್ಲೇ ಬಿಟ್ಟು ಮನೆಗೆ ಹೋಗುತ್ತಿರಲಿಲ್ಲ. ನನ್ನ ವೀಸಾದ ಲಾಯರ್ ಬಗ್ಗೆ ಹೇಳಿದಾಗ, "ಒಬ್ಬನ? ಅಂವ ಫೋನ್ ಎತ್ತಲಿಲ್ಲಂದ್ರ?" ಎಂದು ಇನ್ನಿಬ್ಬರ ನಂಬರು ಕೊಟ್ಟರು. ಮಗಳ ಮದುವೆಗೆ ಅಡುಗೆಯವರನ್ನು ಎರಡು ಕಡೆ ಹೇಳಿದ್ದರು, ನ್ಯೂಯಾರ್ಕ್ ಕಡೆಯ ಜೆರಿಕೋ ಊರಿನವರು ಒಬ್ಬರು, ನ್ಯೂಜೆರ್ಸಿಯವರು ಒಬ್ಬರು, ಅರ್ಧರ್ಧ. ಬೀಗರ ಕಡೆಯವರು ಇದೇನು ವಿಚಿತ್ರ ಎಂದು ಮುಸಿಮುಸಿ ನಗುತ್ತಿದ್ದರು. ಮದುವೆಯ ದಿನ ಜೆರಿಕೋದವರ ವ್ಯಾನು ಸೇತುವೆಯ ಮೇಲೆ ಕೆಟ್ಟು ನಿಂತಿತು. ಸಾರು, ಪಲ್ಯ, ಹೋಳಿಗೆ ಎಲ್ಲ ಅದರಲ್ಲೇ ಉಳಿದವು. ನಾವು ಅನ್ನ, ಹುಳಿ, ಜಾಮೂನು ಹೊತ್ತಿಗೆ ಸರಿಯಾಗಿ ಉಂಡೆವು. ನಕ್ಕವರಿಗೆ ಅವರೇ ನಿಂತು ಎರಡು ಸಲ ಹುಳಿ ಬಡಿಸಿದರು, ಮುಖದಲ್ಲಿ ಏನನ್ನೂ ತೋರಗೊಡದೆ.

ನಾನು ಕೆಲಸಕ್ಕೆ ಸೇರಿದ ಕಾಲ ಅಣು ವಿದ್ಯುತ್ತಿಗೆ ಒಳ್ಳೆಯ ಕಾಲವಾಗಿರಲಿಲ್ಲ. ನೆಲದಡಿಯ ಅನಿಲ ಸೋವಿಯಾಗಿತ್ತು. ಅನಿಲದಿಂದ ಮಾಡಿದ ವಿದ್ಯುತ್ತಿನ ಮುಂದೆ ನಮ್ಮದು ದುಬಾರಿ. ಸುತ್ತಮುತ್ತ ಸ್ಥಾವರಗಳು ಒಂದೊಂದಾಗಿ ಮುಚ್ಚುತ್ತಿದ್ದವು, ಕಡಲ ಕಡೆ ಒಂದು, ನ್ಯೂಯಾರ್ಕಿನ ನದಿಯ ದಡದಲ್ಲಿ ಒಂದು. ನಮ್ಮ ಕಂಪನಿಯ ರಿಯಾಕ್ಟರುಗಳ ಬಗ್ಗೆಯೂ ಇವತ್ತೋ ನಾಳೆಯೋ ಎಂಬ ಮಾತಿತ್ತು. ಅದೇ ಹೊತ್ತಿಗೆ ಹಣಕಾಸಿಗೆ ಹೊಸ ಮುಖ್ಯಸ್ಥನೊಬ್ಬ ಬಂದ. ಬುದ್ಧಿವಂತ, ಮಾತು ಮೃದು, ಎಲ್ಲರ ಜನ್ಮದಿನ ನೆನಪಿಟ್ಟುಕೊಳ್ಳುವವ. ಮುಂದಿನ ಹಲವು ವರ್ಷಗಳ ಸಂವರ್ಧನೆಯ ಕೆಲಸದಲ್ಲಿ ಹೆಚ್ಚಿನ ಪಾಲನ್ನು ರಷ್ಯಾದ ಮಾರಾಟಗಾರರಿಗೇ ಕೊಟ್ಟರೆ ಉಳಿತಾಯವಾಗುತ್ತದೆ, ಆ ಉಳಿತಾಯ ತೋರಿಸಿದರೆ ರಿಯಾಕ್ಟರ್ ಮುಚ್ಚುವ ಮಾತು ತಣ್ಣಗಾಗುತ್ತದೆ ಎಂಬುದು ಅವನ ಲೆಕ್ಕ. ಲೆಕ್ಕ ತಪ್ಪಾಗಿರಲಿಲ್ಲ. ಆ ಮಾತನ್ನು ಮೇಡಂ ಅವರೂ ಒಪ್ಪುತ್ತಿದ್ದರು.

ಸಭೆಯಲ್ಲಿ ಎಂಟು ಜನರಿದ್ದೆವು. ಅವನು ತನ್ನ ಅಂಕಿ ತೋರಿಸಿ ಮುಗಿಸಿದ ಮೇಲೆ ಮೇಡಂ ಕೇಳಿದರು, "ಅವರು ಕೊಡುವುದಿಲ್ಲ ಎಂದರೆ?"

"ಶೀತಲ ಸಮರದ ಹೊತ್ತಿನಲ್ಲೂ ಅವರು ಯಾರಿಗೂ ಮಾತು ತಪ್ಪಿದವರಲ್ಲ," ಎಂದ.

"ಅವರು ತಪ್ಪದೆ ಇರಬಹುದು. ನಮ್ಮ ಸರ್ಕಾರವೇ ಕೊಳ್ಳಬೇಡಿ ಎಂದರೆ?"

ಅವನು ನಕ್ಕ. "ನೀವು ಈಗ ವಿದೇಶಾಂಗ ನೀತಿಯ ಬಗ್ಗೆ ಅಭಿಪ್ರಾಯ ಕೊಡುತ್ತಿದ್ದೀರಾ?"

"ಇಲ್ಲ. ಇಂಧನ ಆರ್ಡರ್ ಮಾಡಿ ಕೈಗೆ ಬರಲು ಎರಡು ಮೂರು ವರ್ಷ ಬೇಕು ಎಂದು ಹೇಳುತ್ತಿದ್ದೇನೆ. ಯುದ್ಧ ಶುರುವಾಗಲು ಒಂದು ಬೆಳಗು ಸಾಕು."

ಅವನು ನನ್ನ ಕಡೆ ತಿರುಗಿದ. ಮೇಡಂ ಮುಂದಿಟ್ಟಿದ್ದ ಕೋಷ್ಟಕಗಳನ್ನೆಲ್ಲ ಮಾಡಿದವಳು ನಾನು, ಮೂರು ವಾರ ಕುಳಿತು. ಒಂದು ಸರಬರಾಜು ನಿಂತರೆ ಯಾವ ರಿಯಾಕ್ಟರು ಯಾವ ತಿಂಗಳು ಇಂಧನವಿಲ್ಲದೆ ಕೂರುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. "ನೀನೇ ಮಾಡಿದ್ದಲ್ಲವಾ ಇದನ್ನು? ನಿನ್ನ ಅಭಿಪ್ರಾಯ ಏನು?" ಎಂದು ಕೇಳಿದ.

ನಾನು, "ಎರಡು ದಾರಿಗಳಲ್ಲೂ ಅದರದರ ಅನುಕೂಲ ಇದೆ," ಎಂದೆ.

ಮೇಡಂ ನನ್ನತ್ತ ನೋಡಲಿಲ್ಲ. ಕಾಗದಗಳನ್ನು ಜೋಡಿಸಿಕೊಂಡರು.

ಸಂಜೆ ಕಾರಿನಲ್ಲಿ ಸ್ಟೇಷನ್ ಹತ್ತಿರವಾದಾಗ ಕೇಳಿದರು, "ನಿನ್ನ ವೀಸಾ ಎಂದ ಮುಗೀತದ?"

"ಇನ್ನು ನಾಲ್ಕು ತಿಂಗಳಿದೆ ಮೇಡಂ. ಎಕ್ಸ್‌ಟೆನ್ಶನ್‌ಗೆ ಕಂಪನಿಯವರೇ ಸೈನ್ ಹಾಕ್ಬೇಕು."

"ಹಂಗಾದ್ರ ನೀ ಯಾಕ ಹಂಗಂದಿ ಅನ್ನೂದು ನಂಗ ತಿಳೀತದ. ಆದ್ರ ನೀ ಅಂದದ್ದು ಸುಳ್ಳ. ನಂಗ ತಿಳೀತದ ಅಂತ ಅದು ಖರೇ ಆಗೂದಿಲ್ಲ," ಎಂದರು.

ನಾನು ಇಳಿದು ಬಾಗಿಲು ಹಾಕಿದೆ. ಮರುದಿನ ಬೆಳಿಗ್ಗೆ ಕಾರು ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನಿಂತಿತ್ತು. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಅವರು ಎರಡು ಪುಟದ ಟಿಪ್ಪಣಿ ಬರೆದರು. ಈ ಒಪ್ಪಂದವನ್ನು ನಾನು ಒಪ್ಪುವುದಿಲ್ಲ, ಕಾರಣಗಳು ಇವು, ಎಂದು. ಮುಖ್ಯಸ್ಥ ಅದನ್ನು ಕಡತಕ್ಕೆ ಸೇರಿಸಲು ಒಪ್ಪದಿದ್ದಾಗ ನೇರವಾಗಿ ನಿರ್ದೇಶಕ ಮಂಡಳಿಗೆ ಕಳಿಸಿದರು. ಮಂಡಳಿಯಿಂದ ಎರಡು ಸಾಲಿನ ಕೃತಜ್ಞತೆ ಬಂತು. ಒಪ್ಪಂದಕ್ಕೆ ಸಹಿ ಬಿತ್ತು. ಆರು ತಿಂಗಳಾದ ಮೇಲೆ ವಿಭಾಗವನ್ನು "ಮರುಸಂಘಟನೆ" ಮಾಡಿ, ಅವರ ಹುದ್ದೆಯೇ ಇಲ್ಲ ಎಂದರು. ಮೂವತ್ತು ವರ್ಷದ ಕೆಲಸಕ್ಕೆ ಒಂದು ಕೇಕು ತರಿಸಿದ್ದರು. ಭಾಷಣಗಳಾದವು. ಅವರು ಅಲ್ಲಿ ಒಂದು ತುಂಡೂ ಬಾಯಿಗಿಡದೆ, ಇಡೀ ಕೇಕನ್ನು ಡಬ್ಬಿಯ ಸಮೇತ ಕೆಳಗೆ ಗೇಟಿನ ಕಾವಲಿನವರಿಗೆ ಕೊಟ್ಟು, ಅವರ ಜೊತೆ ನಿಂತು ತಿಂದು ಹೋದರು.

ನಾನೂ ಹೆಚ್ಚು ದಿನ ಅಲ್ಲಿ ಉಳಿಯಲಿಲ್ಲ. ಮ್ಯಾನ್‌ಹಟನ್‌ನ ಒಂದು ಬ್ಯಾಂಕಿನಲ್ಲಿ, ವಿದ್ಯುತ್ ಯೋಜನೆಗಳಿಗೆ ಸಾಲ ಕೊಡುವ ವಿಭಾಗ ಸೇರಿದೆ. ಕಾರಿನ ಕ್ಲಾಸು ನಿಂತಿತು. ಫೋನು ನಿಲ್ಲಲಿಲ್ಲ.

ಕೆಲಸ ಕಳೆದುಕೊಂಡ ವರ್ಷಗಳಲ್ಲಿ ಅವರು ಸುಮ್ಮನೆ ಕೂತಿದ್ದರು ಎಂದು ಯಾರೂ ತಿಳಿಯಬಾರದು. ಔಷಧ ಕಂಪನಿಯಿಂದ ನಿವೃತ್ತರಾಗಿದ್ದ ಅವರ ಯಜಮಾನರು ಅಡುಗೆಮನೆ ವಹಿಸಿಕೊಂಡಿದ್ದರು. ಇವರು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು, ಯಾರೂ ಕೇಳದಿದ್ದರೂ, ದೇಶದ ಯಾವ ರಿಯಾಕ್ಟರಿಗೆ ಎಲ್ಲಿಂದ ಇಂಧನ ಬರುತ್ತಿದೆ ಎಂಬ ಪಟ್ಟಿಯನ್ನು ತಿಂಗಳು ತಿಂಗಳೂ ತಿದ್ದುತ್ತಿದ್ದರು. ಸ್ಥಾವರ ಮುಚ್ಚಬೇಕೋ ಬೇಡವೋ ಎಂದು ಊರವರ ಅಭಿಪ್ರಾಯ ಕೇಳುವ ಸಭೆಗಳಿಗೆ ಹೋಗಿ ಸಾಲಿನಲ್ಲಿ ನಿಂತು ತಮ್ಮ ಮೂರು ನಿಮಿಷ ಮಾತಾಡಿ ಬರುತ್ತಿದ್ದರು. ಒಂದು ಸಲ ನಾನೂ ಜೊತೆಗಿದ್ದೆ. ಸ್ಥಾವರದ ಹತ್ತಿರವೇ ಮನೆಯಿದ್ದ ಒಬ್ಬ ವಯಸ್ಸಾದ ಅಮೆರಿಕನ್ ಹೆಂಗಸು ಎದ್ದು, ಉರಿದು ಉಳಿದ ಇಂಧನವನ್ನು ಇನ್ನೂ ಎಷ್ಟು ಕಾಲ ನಮ್ಮ ಹಿತ್ತಲಲ್ಲಿ ಇಟ್ಟುಕೊಳ್ಳಬೇಕು ಎಂದು ನಡುಗುವ ದನಿಯಲ್ಲಿ ಕೇಳಿದರು. ವೇದಿಕೆಯ ಮೇಲಿದ್ದವರು ಸುರಕ್ಷತೆಯ ಬಗ್ಗೆ ಉದ್ದಕ್ಕೆ ಏನೇನೋ ಹೇಳಿದರು. ಸಭೆ ಮುಗಿದ ಮೇಲೆ ಮೇಡಂ ಹೋಗಿ ಆಕೆಯ ಪಕ್ಕ ಕುಳಿತರು. "ಅವರು ಹೇಳಿದ್ದು ನಿಜ, ಅದು ಸುರಕ್ಷಿತವಾಗಿದೆ. ನೀವು ಕೇಳಿದ್ದು ಅದಲ್ಲ. ನೀವು ಕೇಳಿದ್ದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. ಇಷ್ಟು ವರ್ಷದಲ್ಲಿ ಹುಡುಕಬೇಕಿತ್ತು, ಹುಡುಕಲಿಲ್ಲ," ಎಂದರು. ಆಕೆ ಇವರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ತಮ್ಮ ಉದ್ಯಮದ ಮೇಲೆ ಅವರಿಗೆ ಕುರುಡು ಪ್ರೀತಿ ಇರಲಿಲ್ಲ. ದಕ್ಷಿಣದ ಒಂದು ರಾಜ್ಯದಲ್ಲಿ ಹೊಸದಾಗಿ ಕಟ್ಟಿದ ಎರಡು ರಿಯಾಕ್ಟರುಗಳು ವರ್ಷಗಟ್ಟಲೆ ತಡವಾಗಿ, ಅಂದಾಜಿನ ಎರಡು ಪಟ್ಟು ಮೀರಿದ ವೆಚ್ಚದಲ್ಲಿ ಮುಗಿದಾಗ, ಬೇರೆಯವರು ಕಾನೂನನ್ನು ಬೈದರು, ಕಾರ್ಮಿಕರನ್ನು ಬೈದರು. ಇವರು, "ಮೂವತ್ತು ವರ್ಷ ಕಟ್ಟಲಿಲ್ಲ. ಕೈ ಮರತದ. ಮರತ ಕೈಯಿಂದ ಮೊದಲನೇದು ಹಿಂಗ ಆಗೂದು. ಈಗ ಕಲತಾರ, ಈಗ ನಿಲ್ಲಿಸಿದ್ರ ಮತ್ತ ಮರೀತಾರ," ಎಂದಿದ್ದರು.

ಈ ವರ್ಷಗಳ ನಡುವೆಯೇ ಉಕ್ರೇನಿನ ಯುದ್ಧ ಶುರುವಾಯಿತು. ಕೂಡಲೇ ಏನೂ ನಿಲ್ಲಲಿಲ್ಲ. ಯುರೇನಿಯಂ ಹಡಗುಗಳು ಬರುತ್ತಲೇ ಇದ್ದವು. ಎರಡು ವರ್ಷವಾದ ಮೇಲೆ ಇಲ್ಲಿನ ಸರ್ಕಾರವೇ ರಷ್ಯಾದ ಸಂವರ್ಧಿತ ಯುರೇನಿಯಂ ತರಬಾರದೆಂದು ಕಾನೂನು ಮಾಡಿತು, ತೀರಾ ಅಗತ್ಯವಿದ್ದವರಿಗೆ ಕೆಲವು ವರ್ಷಗಳ ವಿನಾಯಿತಿ ಇಟ್ಟು. ಅಷ್ಟರಲ್ಲಿ ಇನ್ನೊಂದು ತಿರುವೂ ಬಂದಿತ್ತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಹಗಲೂ ರಾತ್ರಿ ಬಿಡದೆ ವಿದ್ಯುತ್ ಬೇಕಾಗಿ, ನಿನ್ನೆ ಮುಚ್ಚುತ್ತೇವೆ ಎಂದವರೇ ಇವತ್ತು ರಿಯಾಕ್ಟರಿನ ಆಯಸ್ಸು ಇನ್ನೂ ಇಪ್ಪತ್ತು ವರ್ಷ ಹೆಚ್ಚಿಸಿ ಎಂದು ಅರ್ಜಿ ಹಾಕುತ್ತಿದ್ದರು. ಎಲ್ಲರೂ ಒಟ್ಟಿಗೆ ಅದೇ ಕೆಲವು ಗಿರಣಿಗಳ ಮುಂದೆ ಸಾಲು ನಿಂತರು. ನಮ್ಮ ಹಳೆಯ ಕಂಪನಿಗೆ ರಷ್ಯಾದಿಂದ ಬರಬೇಕಿದ್ದ ಒಂದು ದೊಡ್ಡ ಕಂತು ಕಾಗದಪತ್ರದ ತೊಡಕಿನಲ್ಲಿ ಸಿಕ್ಕಿಕೊಂಡಿತು. ಒಂದು ರಿಯಾಕ್ಟರಿನ ಇಂಧನ ಬದಲಿಸುವ ದಿನ ಹತ್ತಿರ ಬರುತ್ತಿತ್ತು. ಹೊಸ ಇಂಧನ ಇಲ್ಲದಿದ್ದರೆ ಅದು ನಿಲ್ಲುತ್ತದೆ. ಮೃದು ಮಾತಿನ ಆ ಮುಖ್ಯಸ್ಥ ಯಾವಾಗಲೋ ಬೇರೆ ಕಂಪನಿಗೆ ಹೋಗಿದ್ದ. ಅವನ ಜಾಗದಲ್ಲಿದ್ದ ಹೆಂಗಸು ಮೇಡಂ ಅವರ ಮನೆಗೇ ಬಂದರು.

ಅವರು ಬಂದಾಗ ಮೇಡಂ ತಲೆಗೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡಿದ್ದರು. ಆ ಚಳಿಗಾಲವೇ ಅವರಿಗೆ ಕ್ಯಾನ್ಸರ್ ಗೊತ್ತಾಗಿ, ಕೀಮೋ ಶುರುವಾಗಿತ್ತು.

ನಡೆದದ್ದನ್ನು ಮೇಡಂ ಮರುದಿನ ಫೋನಿನಲ್ಲಿ ಹೇಳಿದರು. ಬಂದ ಹೆಂಗಸು ಆ ಹಳೆಯ ಎರಡು ಪುಟದ ಟಿಪ್ಪಣಿಯನ್ನು ಹುಡುಕಿ ಓದಿದ್ದರಂತೆ, ಅದನ್ನು ಮಂಡಳಿಯ ಮುಂದೆ ಮತ್ತೆ ಇಟ್ಟು, ನಿಮಗೆ ಆದ ಅನ್ಯಾಯವನ್ನು ಸರಿಪಡಿಸುತ್ತೇವೆ ಎಂದರಂತೆ.

"ನೀವೇನಂದ್ರಿ ಮೇಡಂ?"

"ಬ್ಯಾಡ ಅಂದೆ. ನಾ ಹೇಳಿದ್ದ ಖರೇ ಆತು ಅನ್ನೂದನ್ನ ರಿಯಾಕ್ಟರ್‌ನ್ಯಾಗ ತುಂಬಲಿಕ್ಕೆ ಬರೂದಿಲ್ಲ. ಮೂರು ಜನ ಹುಡುಗ್ರನ್ನ ಕೊಡ್ರಿ, ಕಲಸ್ತೀನಿ. ಒಬ್ಬರ ಕಡೆ ಮೂರರಾಗ ಒಂದು ಪಾಲಿಗಿಂತ ಹೆಚ್ಚು ಕೊಳ್ಳಬಾರದು ಅಂತ ಕಂಪನಿ ನಿಯಮದೊಳಗ ಬರೀರಿ. ಇವೆರಡು ಕೊಟ್ರ ಬರ್ತೀನಿ ಅಂದೆ."

"ಕೀಮೋ ಇದೆಯಲ್ಲ ಮೇಡಂ..."

"ಕೀಮೋ ಮೂರು ವಾರಕ್ಕೊಮ್ಮೆ ಅದ. ಉಳಿದ ಇಪ್ಪತ್ತು ದಿನ ನಾ ಏನ ಮಾಡ್ಲಿ?"

ಕಂಪನಿ ಎರಡಕ್ಕೂ ಒಪ್ಪಿತು. ನಿಜವೇನೆಂದರೆ ಅವರು ಕೀಮೋದ ಆ ಒಂದು ದಿನವನ್ನೂ ಬಿಡಲಿಲ್ಲ. ಆಸ್ಪತ್ರೆ ಮ್ಯಾನ್‌ಹಟನ್‌ನಲ್ಲಿ, ನನ್ನ ಬ್ಯಾಂಕಿನಿಂದ ಹತ್ತು ನಿಮಿಷದ ನಡಿಗೆ. ಊಟದ ಹೊತ್ತಿಗೆ ನಾನು ಹೋಗಿ ಕೂರುತ್ತಿದ್ದೆ, ಅವರ ಯಜಮಾನರು ಆಗ ಕೆಳಗೆ ಹೋಗಿ ಕಾಫಿ ಕುಡಿದು ಬರುತ್ತಿದ್ದರು. ಒಂದು ಮಧ್ಯಾಹ್ನ ಹೋದಾಗ ಅವರ ಎಡಗೈಗೆ ಔಷಧದ ನಳಿಕೆ, ಬಲಗೈಯಲ್ಲಿ ಫೋನು. ನರ್ಸ್ ಬಂದು, ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ ಎಂದಳು. ಇವರು ಫೋನನ್ನು ಎದೆಗೆ ಒತ್ತಿಕೊಂಡು, ತಾವು ಮೀಟಿಂಗಿನಲ್ಲಿರುವುದಾಗಿ ಹೇಳಿ ಕಳಿಸಿದರು.

ಯುರೋಪಿನ ಎರಡು ಗಿರಣಿಯವರು ಆಗಲೇ ಇಲ್ಲ ಎಂದಿದ್ದರು. ಈ ಕರೆ ಅಮೆರಿಕದ ಒಳನಾಡಿನ ಇನ್ನೊಂದು ವಿದ್ಯುತ್ ಕಂಪನಿಗೆ, ಅಲ್ಲಿ ಇವರಂತೆಯೇ ಇಂಧನ ಕೊಳ್ಳುವ ಕೆಲಸದಲ್ಲಿದ್ದ ಒಬ್ಬ ಹಳೆಯ ಮನುಷ್ಯನಿಗೆ. ಮೂವತ್ತು ವರ್ಷ ಇಬ್ಬರೂ ಒಂದೇ ಮಾಲಿಗೆ ಪೈಪೋಟಿ ಮಾಡಿದವರು. ಅವನ ಕಂಪನಿಯ ಬಳಿ ಸಂವರ್ಧನೆಯಾದ ಯುರೇನಿಯಂ ಸ್ವಲ್ಪ ಹೆಚ್ಚಿಗೆ ಇದೆ ಎಂಬುದು ಇವರ ಊಟದ ಮೇಜಿನ ಪಟ್ಟಿಯಿಂದ ಗೊತ್ತಾಗಿತ್ತು. ಇವರು ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಕೈಗೆ ಕೊಟ್ಟರು. ಹಿಡಿದು ಹಿಡಿದು ಅವರ ಕೈ ಸೋತಿತ್ತು.

"ಎಷ್ಟು ಬೇಕು?" ಎಂದು ಅವನು ಕೇಳಿದ.

ಇವರು ಹೇಳಿದರು.

"ಮೂರು ವರ್ಷದಲ್ಲಿ ಅಷ್ಟನ್ನೂ ಅದೇ ಗುಣಮಟ್ಟದಲ್ಲಿ ವಾಪಸು ಕೊಡುತ್ತೇವೆ," ಎಂದು ಇವರು ಸೇರಿಸಿದರು.

"ನಿಮಗೆ ಹುಷಾರಿಲ್ಲ ಎಂದು ಕೇಳಿದೆ. ಹೇಗಿದ್ದೀರಿ?" ಎಂದ ಅವನು.

"ಅದು ಈ ಲೆಕ್ಕದಲ್ಲಿ ಸೇರುವುದಿಲ್ಲ. ನಾನು ಇರಲಿ ಬಿಡಲಿ, ಮಾಲು ವಾಪಸು ಬರುತ್ತದೆ. ಅದಕ್ಕೇ ಮೂರು ಜನರನ್ನು ತಯಾರು ಮಾಡುತ್ತಿದ್ದೇನೆ."

ಅವನು ನಕ್ಕ. ಆಮೇಲೆ, ಒಮ್ಮೆ ಅವನ ಸ್ಥಾವರಕ್ಕೆ ಇಂಧನದ ಗುಳಿಗೆ ತಯಾರಿಸುವವರು ಕೈಕೊಟ್ಟಾಗ ಇವರು ತಮ್ಮ ಸರದಿಯನ್ನೇ ಅವನಿಗೆ ಬಿಟ್ಟುಕೊಟ್ಟಿದ್ದನ್ನು ತಾನು ಮರೆತಿಲ್ಲ ಎಂದ. ಮೇಲಿನವರನ್ನು ಕೇಳಿ ಶುಕ್ರವಾರ ಹೇಳುತ್ತೇನೆ ಎಂದ. ಶುಕ್ರವಾರ ಹೂಂ ಎಂದ.

"ಕೈಗಡ ಸಿಕ್ತು," ಎಂದು ಮೇಡಂ ಫೋನ್ ಮಾಡಿದರು. ಅಷ್ಟು ಎಳೆಯ ದನಿಯನ್ನು ನಾನು ಅವರಲ್ಲಿ ಅದುವರೆಗೆ ಕೇಳಿರಲಿಲ್ಲ. "ನಮ್ಮವ್ವ ಸಕ್ಕರಿ ಕೈಗಡ ತರ್ತಿದ್ಲು, ನಾ ಯುರೇನಿಯಂ ತಂದೆ. ಕಾಗದ ವಕೀಲ್ರು ಬರೀತಾರ, ತಿಂಗಳಾಗ್ಲಿ. ಅಂವ ಹೂಂ ಅಂದಾನಲ್ಲ, ಮುಗೀತು."

ಆ ಮೂವರು ಹುಡುಗರನ್ನು ನಾನು ನೋಡಿದ್ದೆ. ನೌಕಾಪಡೆಯ ಜಲಾಂತರ್ಗಾಮಿಯಲ್ಲಿ ರಿಯಾಕ್ಟರ್ ನೋಡಿಕೊಂಡು ಬಂದಿದ್ದ ಒಬ್ಬ ಯುವತಿ, ಲೆಕ್ಕಪತ್ರ ವಿಭಾಗದಿಂದ ಬಂದ ಒಬ್ಬ, ಇಲ್ಲಿಯೇ ಹುಟ್ಟಿದ ಕನ್ನಡದ ಹುಡುಗ ಒಬ್ಬ. ಮೇಡಂ ಕನ್ನಡದಲ್ಲಿ ಬೈದರೆ ಅವನು ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಿದ್ದ. ಮೇಡಂಗೆ ನಡೆಯಲು ಕಷ್ಟವಾದಾಗ ಕ್ಲಾಸು ಆಫೀಸಿನಿಂದ ಕ್ರ್ಯಾನ್‌ಬರಿಯ ಮನೆಗೆ ಬಂತು. ಒಂದು ಶನಿವಾರ ನಾನು ಹೋದಾಗ ಆ ಯುವತಿ ಒಪ್ಪಂದವೊಂದನ್ನು ಗಟ್ಟಿಯಾಗಿ ಓದುತ್ತಿದ್ದಳು. ಮೇಡಂ ಸೋಫಾದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆ ಬಂದಿದೆ ಎಂದುಕೊಂಡು ಅವಳು ದನಿ ತಗ್ಗಿಸಿದಳು. "ಹದಿನಾಲ್ಕನೆಯ ಕಲಮು ನೀನು ಬಿಟ್ಟೆ," ಎಂದರು, ಕಣ್ಣು ತೆರೆಯದೆ.

ಅದೇ ಕಾಲದಲ್ಲಿ ನನ್ನ ಬ್ಯಾಂಕಿಗೆ ಒಂದು ಯೋಜನೆ ಬಂತು. ಹೊಸ ಬಗೆಯ ಸಣ್ಣ ರಿಯಾಕ್ಟರುಗಳು, ಅವುಗಳ ವಿದ್ಯುತ್ತನ್ನೆಲ್ಲ ಕೊಳ್ಳಲು ಒಂದು ದೊಡ್ಡ ಡೇಟಾ ಸೆಂಟರ್ ತಯಾರು. ನಮ್ಮವರಿಗೆಲ್ಲ ಬಹಳ ಉತ್ಸಾಹ. ವರದಿ ದಪ್ಪವಾಗಿತ್ತು, ಇಂಧನಕ್ಕೆ ಕೊಟ್ಟದ್ದು ಒಂದು ಸಾಲು: ಬೇಕಾದಾಗ ಮಾರುಕಟ್ಟೆಯಲ್ಲಿ ಸಿಗುತ್ತದೆ. ಆ ರಿಯಾಕ್ಟರುಗಳಿಗೆ ಬೇಕಾದದ್ದು ಮಾಮೂಲಿಗಿಂತ ಹೆಚ್ಚು ಸಂವರ್ಧಿಸಿದ ಯುರೇನಿಯಂ. ಅದನ್ನು ಬೇಕಾದಷ್ಟು ತಯಾರಿಸಿ ಮಾರುವವರು ಈ ದೇಶದಲ್ಲಿ ಇನ್ನೂ ಇಲ್ಲ. ಸಮಿತಿಯ ಅಧ್ಯಕ್ಷರು ಮೇಜಿನ ಸುತ್ತ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಎಲ್ಲರೂ ಒಪ್ಪಿಗೆ ಎಂದರು. ನನ್ನ ಗ್ರೀನ್ ಕಾರ್ಡು ಆಗಲೂ ಬಂದಿರಲಿಲ್ಲ, ವೀಸಾ ಬ್ಯಾಂಕಿನ ಕೈಯಲ್ಲಿತ್ತು.

"ನನ್ನ ಒಪ್ಪಿಗೆ ಇಲ್ಲ," ಎಂದೆ. "ಇಂಧನ ಕೊಡುವವರು ಯಾರು ಎಂದು ಇದರಲ್ಲಿ ಇಲ್ಲ. ಇಬ್ಬರಿಂದ ಲಿಖಿತ ಒಪ್ಪಂದ ತರಲಿ, ಅಲ್ಲಿಯವರೆಗೆ ಹಣ ಬಿಡುಗಡೆ ಮಾಡಬಾರದು."

ಮುಕ್ಕಾಲು ಗಂಟೆ ನನ್ನನ್ನು ಪ್ರಶ್ನೆ ಮಾಡಿದರು. ಕೊನೆಗೆ ಸಾಲ ಮಂಜೂರಾಯಿತು, ಆದರೆ ನನ್ನ ಆ ಷರತ್ತಿನೊಂದಿಗೆ. ಹೊರಗೆ ಬಂದವಳೇ ಮೆಟ್ಟಿಲ ಹತ್ತಿರ ನಿಂತು ಮೇಡಂಗೆ ಫೋನ್ ಮಾಡಿದೆ.

"ಎಷ್ಟು ಮಂದಿ ಇದ್ರು?"

"ಹನ್ನೊಂದು ಜನ."

"ನೀ ಒಬ್ಬಾಕಿನ?"

"ಒಬ್ಬಳೇ ಮೇಡಂ. ದನಿ ನಡುಗ್ತಾ ಇತ್ತು."

"ನಡುಗ್ಲಿ. ಕೇಳಸ್ತೋ ಇಲ್ಲೋ ಅವ್ರಿಗೆ?"

"ಕೇಳಿಸ್ತು."

"ಆತಲ್ಲ ಮತ್ತ," ಎಂದರು. ಅವರು ಉಸಿರಾಡಲು ಕಷ್ಟಪಡುತ್ತಿರುವುದು ಈ ಕಡೆಗೆ ಕೇಳುತ್ತಿತ್ತು.

ಕೈಗಡ ತಂದ ಯುರೇನಿಯಂ ಗುಳಿಗೆಯಾಗಿ, ಕೊಳವೆಯಾಗಿ, ಕಳೆದ ಶರತ್ಕಾಲದಲ್ಲಿ ಟ್ರಕ್ಕುಗಳಲ್ಲಿ ಸ್ಥಾವರಕ್ಕೆ ಬಂದು ಸೇರಿತು. ಮೇಡಂ ಹೋಗಿ ನೋಡುವ ಸ್ಥಿತಿಯಲ್ಲಿರಲಿಲ್ಲ. ಇಂಧನ ಬದಲಿಸುವ ಕೆಲಸ ಮುಗಿದು ರಿಯಾಕ್ಟರು ಮತ್ತೆ ಪೂರ್ಣ ಶಕ್ತಿಗೆ ಬಂದ ದಿನ ಆ ಮೂವರೂ ಅವರ ಮನೆಗೆ ಹೋಗಿದ್ದರು. ಸಂಭ್ರಮಕ್ಕೆ ಒಂದು ಬಾಟಲಿ ಹಿಡಿದು ಹೋದವರನ್ನು ಕೂರಿಸಿಕೊಂಡು, ಸಾಲ ತೀರಿಸಲು ಬೇಕಾದ ಮಾಲನ್ನು ಎಲ್ಲಿಂದ ತರುತ್ತೀರಿ ಎಂದು ಎರಡು ಗಂಟೆ ಪರೀಕ್ಷೆ ಮಾಡಿದರಂತೆ. ಬಾಟಲಿ ತೆಗೆಯಲೇ ಇಲ್ಲವಂತೆ.

ಫೆಬ್ರವರಿಯ ಎರಡನೆಯ ವಾರ, ಹಿಮ ಸುರಿದು ನಿಂತಿದ್ದ ಒಂದು ಬೆಳಿಗ್ಗೆ, ಮನೆಯಲ್ಲೇ ತೀರಿಕೊಂಡರು.

ಅಂತಿಮ ದರ್ಶನಕ್ಕೆ ನಿರೀಕ್ಷೆಗಿಂತ ಹೆಚ್ಚು ಜನ ಬಂದಿದ್ದರು. ಹಳೆಯ ಆಫೀಸಿನ ಗೇಟಿನ ಕಾವಲಿನವರಲ್ಲಿ ಒಬ್ಬ ಸೂಟು ಹಾಕಿಕೊಂಡು ಬಂದಿದ್ದ. ಒಳನಾಡಿನಿಂದ ವಿಮಾನ ಹತ್ತಿ ಬಂದ ಎತ್ತರದ ಬಿಳಿಗೂದಲ ಮನುಷ್ಯ, ಕೈಗಡ ಕೊಟ್ಟವನು, ಹಿಂದಿನ ಸಾಲಿನಲ್ಲಿ ನಿಂತಿದ್ದ. ಆದರೆ ಅವರ ಮೂವರು ಶಿಷ್ಯರಲ್ಲಿ ಇಬ್ಬರೇ ಕಾಣುತ್ತಿದ್ದರು. ನೌಕಾಪಡೆಯಿಂದ ಬಂದಿದ್ದ ಯುವತಿ ಇರಲಿಲ್ಲ. ಮೇಡಂ ಅವಳನ್ನು ಮಗಳಂತೆ ನೋಡಿಕೊಂಡಿದ್ದು ಎಲ್ಲರಿಗೂ ಗೊತ್ತಿದ್ದುದರಿಂದ ಗುಸುಗುಸು ಶುರುವಾಯಿತು. ಕನ್ನಡದ ಹುಡುಗ ಮೇಡಂ ಅವರ ಮಗಳ ಹತ್ತಿರ ಬಂದು, ತಲೆ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದ. ಅವಳು ಎರಡು ದಿನದ ಹಿಂದೆಯೇ ಯುರೋಪಿಗೆ ಹೋಗಿದ್ದಾಳೆ, ಮುಂದಿನ ಇಂಧನದ ಒಪ್ಪಂದಕ್ಕೆ ಸಹಿ ಇವತ್ತೇ ಆಗಬೇಕಿತ್ತು, ಸುದ್ದಿ ಕೇಳಿ ಅಲ್ಲಿಂದ ಹೊರಟು ಬರುತ್ತೇನೆಂದು ಅಳುತ್ತಿದ್ದಳು, ಏನು ಹೇಳಬೇಕೋ ನಮಗೆ ತಿಳಿಯಲಿಲ್ಲ, ಎಂದ.

"ಸಹಿ ಆಯ್ತಾ?" ಎಂದು ಮಗಳು ಕೇಳಿದಳು.

"ಒಂದು ಗಂಟೆಯ ಹಿಂದೆ ಆಯ್ತು."

ಮಗಳು ಕಣ್ಣೊರೆಸಿಕೊಂಡಳು. "ಅವಳಿಗೆ ಹೇಳಿ, ಸಹಿ ಮಾಡದೆ ಇಲ್ಲಿಗೆ ಬಂದಿದ್ದರೆ ಅಮ್ಮ ಅವಳನ್ನ ಕೆಲಸದಿಂದ ತೆಗೀತಿದ್ರು ಅಂತ," ಎಂದಳು.